ಎರಡು ಹುಟ್ಟುಹಬ್ಬಗಳ ನಡುವಿನ ಮಳೆಗಾಲ

ಕಳೆದ ವಾರ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆಂದು ಹೈದರಾಬಾದಿನ ನಾರಾಯಣಗೂಡಕ್ಕೆ ಹೋಗಿದ್ದೆ. ಕೆಲಸ ಮುಗಿಸಿ ಆಟೋ ಹುಡುಕುತ್ತ ಹೊರಟವಳು ಮುಖ್ಯರಸ್ತೆ ಬಿಟ್ಟು ಹಳೆಯ ಗಲ್ಲಿಗೆ ತಿರುಗಿದೆ. ಆಟೋ ಸಿಗುವುದು ಮುಖ್ಯರಸ್ತೆಯಲ್ಲೇ ಎಂದು ನನಗೆ ಚೆನ್ನಾಗಿ ಗೊತ್ತು. ಮಳೆ ಆಗಷ್ಟೇ ನಿಂತಿತ್ತು. ಯಾರದೋ ಅಡಿಗೆಮನೆಯ ಕಿಟಕಿಯಿಂದ ಪುಂಡಿಪಲ್ಯಕ್ಕೆ ಬೆಳ್ಳುಳ್ಳಿ ಒಗ್ಗರಣೆ ಬಿದ್ದ ವಾಸನೆ ಬಂತು. ಇಲ್ಲಿಯ ತರಕಾರಿಯವರು ಅದನ್ನು ಪುಂಟಿಕೂರ ಅನ್ನುತ್ತಾರೆ, ಹೋಟೆಲಿನವರು ಗೋಂಗೂರ ಅನ್ನುತ್ತಾರೆ, ನಮ್ಮ ಅವ್ವನಿಗೆ ಅದು ಪುಂಡಿ. ನಾನು ನಡುಗಲ್ಲಿಯಲ್ಲಿ ನಿಂತುಬಿಟ್ಟೆ. ಹಿಂದೆ ಸ್ಕೂಟರಿನವನೊಬ್ಬ ಹಾರ್ನ್ ಹೊಡೆದು ಹೊಡೆದು ಸಾಕಾಗಿ, ಪಕ್ಕದ ಕೆಸರಿನಲ್ಲಿ ಇಳಿಸಿಕೊಂಡು ಹೋದ.

ಆ ಗಲ್ಲಿಯ ಕೊನೆಯ ಮನೆಯ ಮಹಡಿಯಲ್ಲಿ ನಾವು ನಾಲ್ವರು ಬಾಡಿಗೆಗಿದ್ದೆವು. ಅಪ್ಪ, ಅವ್ವ, ತಮ್ಮ ಸಂತು ಮತ್ತು ನಾನು. ಈಗ ಅವರು ಮೂವರು ಅಮೆರಿಕದಲ್ಲಿದ್ದಾರೆ, ನಾನು ಬಾಲಾನಗರದಲ್ಲಿ ಒಂದು ಕೋಣೆಯ ಮನೆ ಮಾಡಿಕೊಂಡು ಜೂನಿಯರ್ ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ನೀವ್ಯಾಕೆ ಹೋಗಲಿಲ್ಲ ಎಂದು ಕೇಳಿದವರಿಗೆ "ವಯಸ್ಸು ದಾಟಿತ್ತು" ಎನ್ನುತ್ತೇನೆ. ಅವರಿಗೆ ಏನು ಅರ್ಥವಾಗುತ್ತದೋ, ಪಾಪ ಎನ್ನುವ ಮುಖ ಮಾಡಿ ಮಾತು ಬದಲಿಸುತ್ತಾರೆ. ಅಪ್ಪ ಅಲ್ಲಿಂದ ನನಗಾಗಿ ಬೇರೆ ಅರ್ಜಿ ಹಾಕಿದ್ದಾನೆ. ಮದುವೆಯಾದರೆ ಅದೂ ಬಿದ್ದುಹೋಗುತ್ತದೆ. ಹಾಗಾಗಿ ನಾನು ಈಗಲೂ ಸರದಿಯಲ್ಲಿದ್ದೇನೆ, ಅದು ಅಭ್ಯಾಸವಾಗಿದೆ. ಅಭ್ಯಾಸವಾಗದೆ ಉಳಿದದ್ದು ಆ ಒಂದು ಮಳೆಗಾಲ ಮಾತ್ರ.

ನನಗೆ ಎರಡು ಹುಟ್ಟುಹಬ್ಬ. ನಾನು ನಿಜವಾಗಿ ಹುಟ್ಟಿದ್ದು ಸೀಗಿ ಹುಣ್ಣಿಮೆಯ ದಿನ. ಲಿಂಗಸುಗೂರಿನ ಹತ್ತಿರದ ನಮ್ಮ ಹಳ್ಳಿಯಲ್ಲಿ ಅಂದು ಬೆಳೆ ಹೊತ್ತ ಹೊಲವನ್ನು ಬಸುರಿ ಎಂದು ತಿಳಿದು ಬಯಕೆಯ ಊಟ ಉಣ್ಣಿಸುತ್ತಾರೆ. ಹೋಳಿಗೆ, ಕಡುಬು, ಸಜ್ಜಿರೊಟ್ಟಿ, ಪುಂಡಿಪಲ್ಯ ಎಲ್ಲವನ್ನೂ ಬುಟ್ಟಿಯಲ್ಲಿ ಕಟ್ಟಿಕೊಂಡು ಹೋಗಿ, ಒಂದೊಂದರಲ್ಲೂ ಚೂರು ಚೂರು ತೆಗೆದು ಬೆಳೆಯ ನಡುವೆ ಚೆಲ್ಲುತ್ತಾರೆ. ಅದಕ್ಕೆ ಚರಗ ಎನ್ನುತ್ತಾರೆ. ದಿನ ತುಂಬಿದ್ದ ಅವ್ವ, ತನ್ನ ಅತ್ತೆ ಬೇಡವೆಂದರೂ ಕೇಳದೆ ಗಾಡಿ ಹತ್ತಿ ಹೊಲಕ್ಕೆ ಹೋಗಿದ್ದಳಂತೆ. ಸಂಜೆ ಮನೆ ಮುಟ್ಟುವಷ್ಟರಲ್ಲಿ ಬೇನೆ ಹತ್ತಿತು. ಚಂದ್ರ ಮೇಲೆ ಬರುವಾಗ ನಾನು ಬಂದೆ. ಸೂಲಗಿತ್ತಿ ಮನೆಯಲ್ಲೇ ಹೆರಿಗೆ ಮಾಡಿಸಿದಳು, ಊರಿಗೆಲ್ಲ ಗೊತ್ತಾಯಿತು, ಆದ್ದರಿಂದ ಯಾರೂ ಎಲ್ಲಿಯೂ ಬರೆಸಲಿಲ್ಲ.

ಎರಡನೆಯ ಹುಟ್ಟುಹಬ್ಬವನ್ನು ಕೊಟ್ಟವನು ಅಪ್ಪ. ಅವನಿಗೆ ನನ್ನನ್ನು ಬೇಗ ಶಾಲೆಗೆ ಹಾಕುವ ಹುಚ್ಚು. ಇನ್ನೂ ಆರು ತುಂಬಿರಲಿಲ್ಲ. ನಮ್ಮೂರಲ್ಲಿ ಆಗ ಮಗುವಿನ ವಯಸ್ಸು ನೋಡುವ ರೀತಿ ಒಂದೇ ಇತ್ತು. ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿತು, ಮುಟ್ಟದಿದ್ದರೆ ಮುಂದಿನ ವರ್ಷ ಬಾ. ಅಪ್ಪ ವಾರವೆಲ್ಲ ನನ್ನನ್ನು ಅಂಗಳದಲ್ಲಿ ನಿಲ್ಲಿಸಿ ಅದನ್ನೇ ಕಲಿಸಿದ. "ತಲಿ ಜರಾ ಹಿಂಗ ವಾಲಸು, ಮಾಸ್ತರಗ ಗೊತ್ತಾಗಬಾರದು ನೋಡು" ಎನ್ನುತ್ತಿದ್ದ. ಶಾಲೆಯಲ್ಲಿ ನಾನು ತಲೆಯನ್ನು ಭುಜಕ್ಕೆ ತಾಗುವಷ್ಟು ವಾಲಿಸಿ ಕಿವಿಯ ತುದಿ ಹಿಡಿದೆ. ಮಾಸ್ತರರು ಎಲ್ಲ ನೋಡಿ ನಕ್ಕು, "ಮುಟ್ಟೇತಿ ಬಿಡ್ರಿ" ಎಂದು ಜೂನ್ ಒಂದು ಎಂದು ಬರೆದುಕೊಂಡರು. ನಮ್ಮ ತರಗತಿಯಲ್ಲಿ ಅರ್ಧ ಮಕ್ಕಳು ಜೂನ್ ಒಂದಕ್ಕೇ ಹುಟ್ಟಿದವರು. ಮುಂದೆ ಹುಟ್ಟಿದ ದಿನದ ದಾಖಲೆ ಮಾಡಿಸಬೇಕಾಗಿ ಬಂದಾಗ, ಶಾಲೆಯ ತಾರೀಖನ್ನೇ ನೋಡಿ ಅದನ್ನೂ ಮಾಡಿಸಿದರು.

ಅಪ್ಪ ಈ ಕತೆಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ. ಸುಮ್ಮನೆ ಹೇಳುವುದಲ್ಲ, ಎದ್ದು ನಿಂತು, ತಲೆ ವಾಲಿಸಿ, ಕೈ ಹಾಯಿಸಿ, ಕಣ್ಣು ಮಿಟುಕಿಸಿ ಮಾಡಿ ತೋರಿಸುತ್ತಿದ್ದ. ಕೊನೆಗೆ "ನನ್ನ ಮಗಳು ಒಂದು ವರ್ಷ ಉಳಿಸಿದ್ಲು ನೋಡ್ರಿ" ಎಂದು ಮುಗಿಸುತ್ತಿದ್ದ. ಸಂತುವಿಗೆ ಹೊಟ್ಟೆಕಿಚ್ಚು. ಆಸ್ಪತ್ರೆಯಲ್ಲಿ ಹುಟ್ಟಿದ ಅವನಿಗೆ ಒಂದೇ ಹುಟ್ಟುಹಬ್ಬ, ಹೇಳಿಕೊಳ್ಳಲು ಒಂದು ಕತೆಯೂ ಇಲ್ಲ.

ಅಪ್ಪನ ಅಕ್ಕ ಶಾಂತತ್ತಿ ನರ್ಸಾಗಿ ಅಮೆರಿಕಕ್ಕೆ ಹೋಗಿ ಅಲ್ಲಿಯವಳೇ ಆಗಿದ್ದಳು. ನಾನು ಮೂರನೆಯ ತರಗತಿಯಲ್ಲಿದ್ದಾಗ ಅವಳು ತಮ್ಮನ ಸಂಸಾರವನ್ನು ಕರೆಸಿಕೊಳ್ಳಲು ಅರ್ಜಿ ಹಾಕಿದಳು. ಅದೇ ವರ್ಷ ಅಪ್ಪನಿಗೆ ಬಾಲಾನಗರದ ಒಂದು ಕಾರ್ಖಾನೆಯಲ್ಲಿ ಲೇತ್ ಮಷೀನಿನ ಕೆಲಸ ಸಿಕ್ಕಿ ನಾವು ಹೈದರಾಬಾದಿಗೆ ಬಂದೆವು. ಅತ್ತೆಯ ಅರ್ಜಿಗೆ ಬಹಳ ಬೇಗ ಒಪ್ಪಿಗೆ ಬಂತು. ಅಪ್ಪ ಗಲ್ಲಿಗೆಲ್ಲ ಪೇಡೆ ಹಂಚಿದ. ಒಪ್ಪಿಗೆ ಅಂದರೆ ವೀಸಾ ಅಲ್ಲ, ಸರದಿಯಲ್ಲಿ ನಿಲ್ಲಲು ಜಾಗ ಸಿಕ್ಕಿತು ಅಷ್ಟೇ ಎಂದು ನಮಗೆ ತಿಳಿದದ್ದು ಎಷ್ಟೋ ಕಾಲದ ಮೇಲೆ.

ಅಲ್ಲಿಂದ ಮುಂದೆ ನಮ್ಮ ಮನೆ ಹೊರಟು ನಿಂತವರ ಮನೆಯಾಯಿತು. ಮಂಚ ತರೋಣವೆಂದರೆ, ಹೋಗೋರಿದ್ದೀವಲ್ಲ. ಅಲ್ಮಾರಿ ಕೇಳಿದರೆ, ಹೋಗೋರಿದ್ದೀವಲ್ಲ. ಅವ್ವ ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ. ದೇವರ ಫೋಟೋಗಳು ವರ್ಷಗಟ್ಟಲೆ ಗೋಡೆಗೆ ಒರಗಿಕೊಂಡೇ ಪೂಜೆ ಮಾಡಿಸಿಕೊಂಡವು. ಕೆಳಗಿನ ಮನೆಯ ಒಡತಿ ಅನಸೂಯಮ್ಮ ಪ್ರತಿ ಯುಗಾದಿಗೆ ಬೇವಿನ ಪಚ್ಚಡಿ ಹಿಡಿದು ಬಂದು "ಎಪ್ಪುಡಮ್ಮಾ ಮೀ ಪ್ರಯಾಣಂ?" ಎಂದು ಕೇಳುತ್ತಿದ್ದರು. ಪ್ರಯಾಣ ಯಾವಾಗ ಎಂಬ ಆ ಪ್ರಶ್ನೆಗೆ ಅವ್ವ ಪ್ರತಿ ವರ್ಷ "ಈ ವರ್ಷ ಆಗ್ತೈತ್ರಿ" ಎಂದು ಕನ್ನಡದಲ್ಲೇ ಉತ್ತರ ಕೊಡುತ್ತಿದ್ದಳು. ಇಬ್ಬರಿಗೂ ಅರ್ಥವಾಗುತ್ತಿತ್ತು.

ಯಾವ ತಾರೀಖಿನವರೆಗೆ ಅರ್ಜಿ ಹಾಕಿದವರ ಸರದಿ ಬಂದಿದೆ ಎಂದು ಅಲ್ಲಿಯ ಸರಕಾರ ತಿಂಗಳಿಗೊಮ್ಮೆ ಹೇಳುತ್ತದೆ. ಅದು ಒಂದು ತಿಂಗಳು ಎರಡು ವಾರ ಮುಂದೆ ಹೋಗುತ್ತದೆ, ಇನ್ನೊಂದು ತಿಂಗಳು ನಿಂತಲ್ಲೇ ನಿಲ್ಲುತ್ತದೆ. ನಮ್ಮ ಮನೆಯಲ್ಲಿ ಆ ತಾರೀಖಿನ ಮಾತನ್ನು ಮಳೆಯ ಮಾತಿನ ಹಾಗೆ ಆಡುತ್ತಿದ್ದರು, ಬಂತಾ, ಬರಲಿಲ್ಲವಾ, ಎಷ್ಟು ಬಂತು ಎಂದು. ಅದು ಹತ್ತಿರ ಬರುತ್ತಿರುವಾಗ ನಾನು ಬೆಳೆಯುತ್ತಿದ್ದೇನೆ ಎನ್ನುವುದನ್ನು ಮಾತ್ರ ಯಾರೂ ಎಣಿಸಲಿಲ್ಲ. ಮಕ್ಕಳು ಬೆಳೆಯುವುದು ಸಂತೋಷದ ಸಂಗತಿ ಎಂದೇ ಎಲ್ಲರೂ ತಿಳಿದಿದ್ದೆವು.

ನಾನು ಬಿ.ಎಸ್ಸಿ. ಮುಗಿಸಿದ ವರ್ಷ ಅದು. ಜೂನ್ ಒಂದರಂದು ಸಂತು ಬೇಕರಿಯಿಂದ ಕ್ರೀಮ್ ಬನ್ ತಂದು, "ಸರ್ಕಾರಿ ಬರ್ತ್‌ಡೇ ಶುಭಾಶಯ ಅಕ್ಕ" ಎಂದು ನನ್ನ ಮೂಗಿಗೆ ಕ್ರೀಮ್ ಹಚ್ಚಿದ. ಅವ್ವ ಆ ಹುಟ್ಟುಹಬ್ಬವನ್ನು ಒಪ್ಪುತ್ತಿರಲಿಲ್ಲ, ಆರತಿ ಇಲ್ಲ, ಸಿಹಿ ಇಲ್ಲ. ಸಂಜೆ ಗಾಳಿ ಎದ್ದು ಮೊದಲ ಮಳೆ ಬಂತು. ನಾನೂ ಸಂತುವೂ ಮಾಳಿಗೆಯ ಮೇಲೆ ನಿಂತು ನೆನೆದೆವು. ಕಾಗದದ ಮೇಲೆ ನನಗೆ ಇಪ್ಪತ್ತೊಂದು ತುಂಬಿತ್ತು.

ಜುಲೈಯಲ್ಲಿ, ಬೋನಾಲು ಹಬ್ಬದ ಡೋಲು ಗಲ್ಲಿಯಲ್ಲಿ ಬಡಿಯುತ್ತಿದ್ದ ಒಂದು ಭಾನುವಾರ, ಶಾಂತತ್ತಿಯ ಫೋನು ಬಂತು. ಸದ್ದಿನಲ್ಲಿ ಏನೂ ಕೇಳದೆ ಅಪ್ಪ ಫೋನು ಹಿಡಿದು ಬಚ್ಚಲಿಗೆ ಓಡಿದ. ಬಾಗಿಲು ಹಾಕಿಕೊಂಡು ಅಲ್ಲಿಂದ ಅವನು ಕೂಗಿದ್ದು ನಮಗೆಲ್ಲ ಕೇಳಿಸಿತು. "ಆಗಸ್ಟದಾಗನ? ಖರೇನ ಅಕ್ಕಾ? ನಮ್ಮ ಸರದಿ ಬಂತಾ?" ಹೊರಗೆ ಬಂದವನ ಕಣ್ಣು ತುಂಬಿತ್ತು. ಅವ್ವ ದೇವರ ಮುಂದೆ ದೀಪ ಹಚ್ಚಿ, ಮರುದಿನದಿಂದಲೇ ಶೇಂಗಾ ಹುರಿದು ಚಟ್ನಿಪುಡಿ ಕುಟ್ಟತೊಡಗಿದಳು. ಕೋಠಿಯ ಫುಟ್‌ಪಾತಿನಲ್ಲಿ ನಾಲ್ವರಿಗೂ ಸ್ವೆಟರ್ ಕೊಂಡೆವು. ನನ್ನದು ಕುಂಕುಮದ ಬಣ್ಣದ್ದು. ಅಷ್ಟು ದಪ್ಪದ ಸ್ವೆಟರ್ ಹಾಕಿಕೊಳ್ಳುವಂಥ ಚಳಿ ಹೈದರಾಬಾದಿನಲ್ಲಿ ಇಂದಿನವರೆಗೆ ಬಿದ್ದಿಲ್ಲ, ಅದು ನನ್ನ ಪೆಟ್ಟಿಗೆಯಲ್ಲಿ ಹೊಸದಾಗಿಯೇ ಇದೆ.

ಕಾಗದಪತ್ರ ಸರಿಯಿವೆಯೇ ನೋಡಿಸಲು ಅಪ್ಪ, ನಾನು ಹಿಮಾಯತನಗರದಲ್ಲಿ ಇಂಥ ಕೆಲಸ ಮಾಡುವ ಒಬ್ಬರ ಆಫೀಸಿಗೆ ಹೋದೆವು. ಒಳ್ಳೆಯ ಮನುಷ್ಯ, ವಯಸ್ಸಾದವರು. ಒಂದೊಂದೇ ನೋಡುತ್ತ ಬಂದವರು ನನ್ನ ಪಾಸ್‌ಪೋರ್ಟ್ ಮುಚ್ಚಿ ಪಕ್ಕಕ್ಕಿಟ್ಟರು. ಚಹಾ ತರಿಸಿದರು. ನಾವು ಕುಡಿಯುವವರೆಗೆ ಕಾದು, ಮೆಲ್ಲಗೆ "ಬಚ್ಚೀ ಕೀ ಉಮರ್ ನಿಕಲ್ ಗಯೀ ಸಾಬ್" ಎಂದರು, ಹುಡುಗಿಯ ವಯಸ್ಸು ದಾಟಿಹೋಗಿದೆ ಎಂದು.

ಇಪ್ಪತ್ತೊಂದು ದಾಟಿದವರು ಅಲ್ಲಿಯ ಲೆಕ್ಕದಲ್ಲಿ ಮಕ್ಕಳಲ್ಲವಂತೆ, ತಂದೆತಾಯಿಯ ಜೊತೆ ಹೋಗುವಂತಿಲ್ಲವಂತೆ. ಒಪ್ಪಿಗೆ ಬರಲು ಹಿಡಿದ ಕಾಲವನ್ನಷ್ಟೇ ವಯಸ್ಸಿನಿಂದ ಕಳೆಯುತ್ತಾರೆ. ನಮ್ಮದು ಬೇಗ ಒಪ್ಪಿಗೆಯಾಗಿತ್ತಲ್ಲ, ಕಳೆಯಲು ಏನೂ ಸಾಲಲಿಲ್ಲ. ಆಮೇಲೆ ಸರದಿಯಲ್ಲಿ ನಿಂತು ಸವೆದ ವರ್ಷಗಳಿಗೆ ಲೆಕ್ಕವಿಲ್ಲ. ಇದನ್ನೆಲ್ಲ ಅವರು ಎರಡು ಸಲ ಬಿಡಿಸಿ ಹೇಳಿದರು.

ಅಪ್ಪ ನಕ್ಕುಬಿಟ್ಟ. ಎಷ್ಟು ಸುಲಭದ ಸಂಗತಿಗೆ ಇವರು ಮುಖ ಸಣ್ಣ ಮಾಡಿದ್ದಾರೆ ಎಂದು ಅವನಿಗೆ. "ಅರೇ ಸಾಬ್, ವೋ ಅಸಲೀ ತಾರೀಖ್ ನೈ" ಎಂದು, ಅದು ನಿಜದ ತಾರೀಖೇ ಅಲ್ಲವೆನ್ನುತ್ತ ಕುರ್ಚಿಯಿಂದ ಎದ್ದ. ಸೀಗಿ ಹುಣ್ಣಿಮೆ, ಗಾಡಿ, ಶಾಲೆ, ಮಾಸ್ತರರು, ಎಲ್ಲ ಹೇಳಿದ. ತಲೆ ವಾಲಿಸಿ, ಬಲಗೈ ನೆತ್ತಿಯ ಮೇಲಿಂದ ಹಾಯಿಸಿ, ಎಡಗಿವಿ ಹಿಡಿದು ತೋರಿಸಿದ. ನಿಜದ ತಾರೀಖು ನೋಡಿದರೆ ನನಗೆ ಇಪ್ಪತ್ತೊಂದು ತುಂಬಲು ಇನ್ನೂ ಅಕ್ಟೋಬರ್ ಬರಬೇಕಿತ್ತು. ಅಪ್ಪನ ಕತೆ ಕೇಳಿ ನಗದೆ ಇದ್ದವರನ್ನು ನಾನು ನೋಡಿದ್ದು ಅದೇ ಮೊದಲು. ಆ ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಸಾಬ್, ಏ ಬಾತ್ ವಹಾಂ ಮತ್ ಬೋಲೋ" ಎಂದರು. ವೀಸಾ ಸಂದರ್ಶನದಲ್ಲಿ ಈ ಮಾತು ಹೇಳಿದರೆ ಉಳಿದ ಮೂವರ ಕಾಗದಗಳ ಮೇಲೂ ಅನುಮಾನ ಬರುತ್ತದೆ ಎಂದರು. ಅಪ್ಪ ಇನ್ನೂ ಕಿವಿ ಹಿಡಿದುಕೊಂಡೇ ನಿಂತಿದ್ದ. ಕೈ ಇಳಿಸಬೇಕೆಂದು ಅವನಿಗೆ ಹೊಳೆಯಲೇ ಇಲ್ಲ. ನಾನು ಅವನ ಮೊಣಕೈ ಹಿಡಿದು ಕೂರಿಸಿದೆ.

ಆಮೇಲೆ ಅವನು ಸುಮ್ಮನೆ ಕೂರಲಿಲ್ಲ. ಕೆಲಸಕ್ಕೆ ರಜೆ ಹಾಕಿ ಊರಿಗೆ ಹೋದ. ಸೂಲಗಿತ್ತಿ ಎಂದೋ ತೀರಿಹೋಗಿದ್ದಳು. ಶಾಲೆಯ ಈಗಿನ ಹೆಡ್‌ಮಾಸ್ತರು ಇವನಿಗಿಂತ ಚಿಕ್ಕವರು, ಕೂರಿಸಿ ಮಾತಾಡಿಸಿದರಂತೆ. "ಕಾಕಾರ, ಈಗ ಇದನ್ನ ಬದಲ ಮಾಡಬೇಕಂದ್ರ ನಿಮ್ಮ ಮಗಳ ಹತ್ತನೇತ್ತಿ, ಡಿಗ್ರಿ, ಪಾಸ್‌ಪೋರ್ಟ್ ಎಲ್ಲಾ ಬದಲಾಗಬೇಕ್ರಿ. ಕೋರ್ಟಿಗಿ ಹೋಗಬೇಕು. ಅಷ್ಟರಾಗ ನಿಮ್ಮ ಸರದಿ ನಿಂದರತೈತೇನ್ರಿ?" ಅತ್ತೆ ಅಲ್ಲಿಯ ವಕೀಲರನ್ನು ಕೇಳಿದಳು. ಅವರೂ ಬೇಡವೆಂದರು. ಊರಿಂದ ಅಪ್ಪ ಬಂದ ದಿನ ಹೈದರಾಬಾದು ಪೂರಾ ನೀರಾಗಿತ್ತು. ಬಸ್ಸಿಳಿದು ಮೊಣಕಾಲುದ್ದದ ನೀರಿನಲ್ಲಿ ನಡೆದುಕೊಂಡೇ ಬಂದ. ಅವ್ವ ಟವೆಲ್ ಕೊಟ್ಟರೆ ಅದನ್ನು ಕೈಯಲ್ಲಿ ಹಿಡಿದು ಕೂತ.

"ನಾನs ತಲಿ ವಾಲಸಾಕ ಕಲಿಸಿದ್ದು" ಎಂದ. 

ಅವ್ವನಿಗೆ ಮಾತ್ರ ಇದು ಯಾವುದೂ ತಲೆಗೆ ಹೋಗಲಿಲ್ಲ. ಹೋಗಲಿಲ್ಲ ಎನ್ನುವುದಕ್ಕಿಂತ ಅವಳು ಬಿಟ್ಟುಕೊಳ್ಳಲಿಲ್ಲ. "ಶಾಲಿ ಮಾಸ್ತರ ಹೇಳಿದ್ದು ನಂಬ್ತಾರ, ಪಾಸ್‌ಪೋರ್ಟ್ ಹೇಳಿದ್ದು ನಂಬ್ತಾರ. ಹಡದಾಕಿ ನಾ ಜೀವಂತ ಅದೀನಿ. ನನ್ನ ಯಾಕ ಕೇಳಂಗಿಲ್ಲ?" ಎಂದು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು.  

ಅಪ್ಪ ಯಾರೂ ಹೋಗುವುದು ಬೇಡ ಎಂದ. ಎರಡು ದಿನ ಅದೇ ತೀರ್ಮಾನವಿತ್ತು. ಆ ಎರಡು ದಿನ ಸಂತು ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದ. ಆಗಷ್ಟೇ ಇಂಟರ್ ಮುಗಿಸಿದ್ದ ಹುಡುಗ ಅವನು, ಚಿಕ್ಕಂದಿನಿಂದ "ಅಲ್ಲಿ ಹೋದಮ್ಯಾಲ ಓದೀಯಂತ" ಎಂದು ಕೇಳುತ್ತಲೇ ಬೆಳೆದವನು. ಮೂರನೆಯ ದಿನ ಊಟಕ್ಕೆ ಕೂತಾಗ ನಾನೇ ಬಾಯಿಬಿಟ್ಟೆ. ಈ ಸಲ ಬಿಟ್ಟರೆ ಸಂತುವಿನದೂ ಹೋಗುತ್ತದೆ, ನೀವು ಹೋಗಿ ನೆಲೆ ನಿಂತ ಮೇಲೆ ನನಗೆ ಬೇರೆ ಅರ್ಜಿ ಹಾಕಬಹುದು, ಅನಸೂಯಮ್ಮ ಕೆಳಗೇ ಇದ್ದಾರೆ, ನನಗೆ ಭಯವಿಲ್ಲ. ವಕೀಲಳ ಹಾಗೆ ವಾದ ಮಾಡಿದೆ. ಅವರು ಒಂದೊಂದೇ ಮಾತಿಗೆ ಒಪ್ಪುತ್ತ ಬಂದರು. ಒಳಗೊಳಗೆ ನಾನು ಬಯಸಿದ್ದು ಬೇರೆ. ಯಾರಾದರೂ ಒಬ್ಬರು ತಟ್ಟೆ ಸರಿಸಿ, ನಿನ್ನ ಬಿಟ್ಟು ಹೋಗುವುದಿಲ್ಲ, ಬಾಯಿ ಮುಚ್ಚು ಎಂದು ಗದರಲಿ ಎಂದು ಕಾಯುತ್ತಿದ್ದೆ. ಗದರಿದ್ದರೆ ಮತ್ತೆ ಇನ್ನಷ್ಟು ವಾದ ಮಾಡಿ ಕಳಿಸುತ್ತಿದ್ದೆ, ಅದು ಬೇರೆ. ಆದರೂ ಒಮ್ಮೆ ಗದರಬೇಕಿತ್ತು. ಅಪ್ಪ ಅನ್ನದಲ್ಲಿ ಬೆರಳಾಡಿಸುತ್ತ "ನೀ ಹೇಳೂದು ಖರೆ ಐತಿ" ಎಂದ.

ಗಣಪತಿ ಕೂತು, ಗಣಪತಿ ಹೋಗಿ, ಮಳೆ ಇನ್ನೂ ಹಿಡಿದುಕೊಂಡೇ ಇತ್ತು. ಮುಂಬಯಿಯಲ್ಲಿ ಸಂದರ್ಶನ. ಅಲ್ಲಿ ಎಲ್ಲ ಮಕ್ಕಳ ಹೆಸರು, ಹುಟ್ಟಿದ ದಿನ ಕೇಳುತ್ತಾರೆ, ಜೊತೆಗೆ ಬರದ ಮಕ್ಕಳದೂ ಕೇಳುತ್ತಾರೆ ಎಂದು ಅತ್ತೆ ಹೇಳಿದ್ದಳು. ಅಪ್ಪ ಅವ್ವನಿಗೆ ನನ್ನ ಹೆಸರು, ತಾರೀಖಿನ ಪಾಠ ಹೇಳಿಕೊಟ್ಟ. "ಸುವರ್ಣಾ, ಜೂನ್ ಒಂದು. ಅನ್ನು." ಅವ್ವ ಅನ್ನುತ್ತಿರಲಿಲ್ಲ. ಪಾತ್ರೆ ತಿಕ್ಕುತ್ತಲೋ ಬಟ್ಟೆ ಮಡಿಸುತ್ತಲೋ ಇರುತ್ತಿದ್ದಳು. "ಹೊತ್ತಿಗಿ ಸರಿಯಾಗಿ ಅಂತೀನಿ ಬಿಡ್ರಿ" ಎಂದಷ್ಟೇ ಹೇಳಿ ಎದ್ದುಹೋಗುತ್ತಿದ್ದಳು.

ನಾನು ಹೋಗಲಿಲ್ಲ, ನನಗೆ ಅಲ್ಲಿ ಕೆಲಸವಿರಲಿಲ್ಲ. ಆ ದಿನ ಮನೆಯಲ್ಲಿ ಒಬ್ಬಳೇ ಕೂತು, ಅವರಿಗೆ ವೀಸಾ ಸಿಗಲಿ ಎಂದು ಒಂದು ಗಳಿಗೆ, ಸಿಗದಿರಲಿ ಎಂದು ಒಂದು ಗಳಿಗೆ ದೇವರಿಗೆ ಹೇಳಿಕೊಂಡೆ. ಅಲ್ಲಿ ನಡೆದದ್ದನ್ನು ಸಂತು ಬಂದ ಮೇಲೆ ಹೇಳಿದ. ಗಾಜಿನ ಆಚೆ ಕೂತವರು ಅವ್ವನನ್ನು ಮಕ್ಕಳ ಬಗ್ಗೆ ಕೇಳಿದರಂತೆ. ಸಂತುವಿನದು ತಟ್ಟನೆ ಹೇಳಿದಳು. ನನ್ನದು ಕೇಳಿದಾಗ ಸುಮ್ಮನಾದಳು. ಭಾಷಾಂತರ ಮಾಡುವವರು ಎರಡನೆಯ ಸಲ ಕೇಳಿದರು. 

"ಹೇಳಿದ್ಲಕ್ಕಾ, ಜೂನ್ ಒಂದಂತ. ಸಣ್ಣ ದನಿ ಮಾಡಿ ಹೇಳಿದ್ಲು" ಎಂದ ಸಂತು. "ಆದ್ರ ಹೇಳೂವಾಗ ನನ್ನ ಕೈ ಹಿಡಕೊಂಡಿದ್ಲು ನೋಡು, ಭಾಳ ಬಿಗಿ ಹಿಡಕೊಂಡಿದ್ಲು."

ವೀಸಾ ಸಿಕ್ಕಿತು. ಮುಂಬಯಿಯಿಂದ ಬಂದ ಅವ್ವ ನನ್ನ ಜೊತೆ ಕಣ್ಣು ಕೊಟ್ಟು ಮಾತಾಡಲಿಲ್ಲ. ನಾನು ಅಡಿಗೆಮನೆಗೆ ಹೋದರೆ ಏನಾದರೂ ನೆಪ ಮಾಡಿ ಹೊರಗೆ ಬರುತ್ತಿದ್ದಳು. ನನಗೆ ಸಿಟ್ಟೂ ಬರುತ್ತಿತ್ತು, ಅವಳ ಮೊಣಕಾಲ ಮೇಲೆ ತಲೆಯಿಟ್ಟು ಅಳಬೇಕೆಂದೂ ಅನ್ನಿಸುತ್ತಿತ್ತು. ಎರಡನ್ನೂ ಮಾಡದೆ ಅವರ ಬಟ್ಟೆ ಇಸ್ತ್ರಿ ಮಾಡಿ ಸೂಟ್‌ಕೇಸಿನಲ್ಲಿ ಜೋಡಿಸುತ್ತ ದಿನ ಕಳೆದೆ. ದೀಪಾವಳಿ ಮುಗಿದ ಮರುವಾರ ಅವರ ವಿಮಾನವಿತ್ತು.

ಇಲ್ಲಿಯವರ ಹೂವಿನ ಹಬ್ಬ ಬತುಕಮ್ಮ ಮುಗಿಯಿತು, ದಸರೆ ಮುಗಿಯಿತು. ಅನಸೂಯಮ್ಮನ ಅಂಗಳದಲ್ಲಿ ಬತುಕಮ್ಮನಿಗೆ ತಂದ ತಂಗಡಿ ಹೂವು ಒಣಗಿ ಮೂಲೆಯಲ್ಲಿ ಬಿದ್ದಿತ್ತು. ಮಳೆ ಹಿಂದೆ ಸರಿದು ಆಕಾಶ ಒಮ್ಮೆಲೆ ದೊಡ್ಡದಾಗಿ ಕಾಣತೊಡಗಿತು. ಸೀಗಿ ಹುಣ್ಣಿಮೆ ಬಂತು. ಅವ್ವ ಬೆಳಕು ಹರಿಯುವ ಮುಂಚೆ ಎದ್ದಿದ್ದಳು. ನಾನು ಏಳುವಷ್ಟರಲ್ಲಿ ಮನೆಯೆಲ್ಲ ಪುಂಡಿಪಲ್ಯದ, ಬೆಳ್ಳುಳ್ಳಿಯ, ಸುಟ್ಟ ಸಜ್ಜಿರೊಟ್ಟಿಯ ವಾಸನೆ. ಹೈದರಾಬಾದಿಗೆ ಬಂದಾಗಿನಿಂದ ನಮಗೆ ಹೊಲವಿರಲಿಲ್ಲ. ಅವ್ವ ಪ್ರತಿ ವರ್ಷ ಮಾಳಿಗೆಯ ಮೇಲೆ ಅನಸೂಯಮ್ಮ ಇಟ್ಟಿದ್ದ ಕರಿಬೇವು, ದಾಸವಾಳದ ಕುಂಡಗಳಿಗೇ ಚರಗ ಚೆಲ್ಲುತ್ತಿದ್ದಳು. ಮೊದಲ ವರ್ಷ ಅನಸೂಯಮ್ಮ ಇರುವೆ ಬರುತ್ತವೆ ಎಂದು ಗೊಣಗಿದ್ದರು. ಆಮೇಲಾಮೇಲೆ ತಾವೇ ಬುಟ್ಟಿ ಹಿಡಿದು ಜೊತೆಗೆ ಬರುತ್ತಿದ್ದರು. ಆ ವರ್ಷವೂ ಬಂದರು. ಎಲ್ಲ ಕುಂಡಗಳಿಗೂ ಚೂರು ಚೂರು ಹಾಕಿ ಮುಗಿದ ಮೇಲೆ, ಅವ್ವ ಬುಟ್ಟಿಯ ತಳದಲ್ಲಿ ಉಳಿದದ್ದನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನಿಂತಿದ್ದಳು.

ಸಂಜೆ ಚಂದ್ರ ಎದುರು ಮನೆಯ ನೀರಿನ ಟ್ಯಾಂಕಿನ ಹಿಂದಿನಿಂದ ಮೇಲೆ ಬಂದ. ಅವ್ವ ಮಣೆ ಹಾಕಿ ನನ್ನನ್ನು ಕೂರಿಸಿದಳು. ಅಪ್ಪ ಬಾಗಿಲಲ್ಲಿ ನಿಂತಿದ್ದ, ಸಂತು ಸೂಟ್‌ಕೇಸಿನ ಮೇಲೆ ಕೂತಿದ್ದ. ಅವ್ವ ಕುಂಕುಮ ಹಚ್ಚಿ, ಅಕ್ಕಿಕಾಳು ಹಾಕಿ, ಆರತಿ ಎತ್ತಿದಳು. ಮುಂಬಯಿಯಿಂದ ಬಂದಂದಿನಿಂದ ತಪ್ಪಿಸುತ್ತಿದ್ದ ಕಣ್ಣನ್ನು ನೇರ ನನ್ನ ಮುಖಕ್ಕೆ ಇಟ್ಟಳು.

"ಇವತ್ತ ತುಂಬಿದವು ನೋಡವ್ವಾ ನಿನಗ ಇಪ್ಪತ್ತೊಂದು" ಎಂದಳು. "ನಿನ್ನಿತನಾ ನೀ ನಮ್ಮ ಜೋಡಿ ಬರಾಕೀನs ಇದ್ದಿ."

ಅಪ್ಪ ಮುಖ ತಿರುಗಿಸಿದ. ಅವ್ವ ಆರತಿ ತಟ್ಟೆ ಕೆಳಗಿಟ್ಟು, ಹೋಳಿಗೆ ಮುರಿದು, ನಾನು ಬಾಯಿ ತೆರೆಯುವವರೆಗೆ ಕೈ ಚಾಚಿಕೊಂಡೇ ಕೂತಿದ್ದಳು.